ಒರೆಗೆ ಹಚ್ಚಿದ ದನಿ

ತಾಳಗುಪ್ಪದಿಂದ ಮೈಸೂರಿಗೆ ಹೊರಡುವ ರಾತ್ರಿ ರೈಲು ಸಾಗರ, ಆನಂದಪುರ, ಶಿವಮೊಗ್ಗ, ಭದ್ರಾವತಿ ದಾಟಿ ಬೆಂಗಳೂರು ಮುಟ್ಟುವುದು ಬೆಳಕು ಹರಿಯುವ ಮುಂಚೆ. ಭಾನುವಾರ ರಾತ್ರಿ ಈ ಗಾಡಿಯ ಸ್ಲೀಪರ್ ಬೋಗಿಗಳಲ್ಲಿ ಒಂದಷ್ಟು ಮಂದಿ ತಲೆದಿಂಬಿನ ಕೆಳಗೆ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ಮಲಗುತ್ತಾರೆ. ಅಂಕಪಟ್ಟಿಗಳು, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಜೆರಾಕ್ಸ್, ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಸೈಬರ್ ಸೆಂಟರಿನಲ್ಲಿ ಟೈಪ್ ಮಾಡಿಸಿದ ಒಂದೂವರೆ ಪುಟದ ರೆಸ್ಯೂಮೆ. ಮಲೆನಾಡಿನ ಪದವೀಧರರು ಕೆಲಸ ಹುಡುಕಿ ಹೊರಡುವಾಗಿನ ಸಾಮಾನು ಇಷ್ಟೇ.

ಆನಂದಪುರದ ಆಚೆಯ ಹಳ್ಳಿಯೊಂದರ ಹುಡುಗಿ ಹೀಗೆ ಹೊರಟಿದ್ದಳು. ಹತ್ತನೆಯ ತರಗತಿಯವರೆಗೆ ಸರ್ಕಾರಿ ಕನ್ನಡ ಶಾಲೆ, ಆಮೇಲೆ ಸಾಗರದಲ್ಲಿ ಬಿ.ಕಾಂ. ರಜೆಯಲ್ಲಿ ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಬೊಮ್ಮನಹಳ್ಳಿಯ ಪಿ.ಜಿ.ಯಲ್ಲಿರುವ ದೊಡ್ಡಮ್ಮನ ಮಗಳು ಹಿಂದಿನ ರಾತ್ರಿ ಫೋನಿನಲ್ಲಿ ಎಲ್ಲವನ್ನೂ ಹೇಳಿಕೊಟ್ಟಿದ್ದಳು. "ಫಾರ್ಮಲ್ಸ್ ಹಾಕ್ಕೊಂಡು ಬಾ ಮಾರಾಯ್ತಿ. ಹತ್ತೂವರೆಗೆ ಗೇಟ್ ಹತ್ರ ಇರು. ರೆಫರೆನ್ಸ್ ಅಂತ ಇರೋ ಜಾಗದಲ್ಲಿ ನನ್ನ ಎಂಪ್ಲಾಯಿ ಐಡಿ ಬರಿ, ಮರೀಬೇಡ." ಆ ಐಡಿಯ ಹಿಂದೆ ಒಂದು ಸಣ್ಣ ಲೆಕ್ಕವೂ ಇದೆ. ಪರಿಚಯದವರನ್ನು ಕರೆತಂದು, ಅವರು ಕೆಲವು ತಿಂಗಳು ಕೆಲಸದಲ್ಲಿ ನಿಂತರೆ, ಕರೆತಂದವರಿಗೆ ಕಂಪನಿ ಹಣ ಕೊಡುತ್ತದೆ. ಕಾಲ್ ಸೆಂಟರಿನ ಎಷ್ಟೋ ನೇಮಕಾತಿ ನಡೆಯುವುದು ಹೀಗೆ ಅಕ್ಕ, ತಮ್ಮ, ರೂಮ್‌ಮೇಟುಗಳ ಬಾಯಿಂದ ಬಾಯಿಗೆ.

ರೈಲು ನಿಲ್ದಾಣದ ಮಹಿಳೆಯರ ವಿಶ್ರಾಂತಿ ಕೊಠಡಿಯಲ್ಲಿ ಮುಖ ತೊಳೆದು, ಬಟ್ಟೆ ಬದಲಿಸಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಆರ್.ವಿ. ರಸ್ತೆಯಲ್ಲಿ ಇಳಿದರೆ ಅಲ್ಲಿಂದ ಹಳದಿ ಮಾರ್ಗ. ಬೊಮ್ಮಸಂದ್ರದವರೆಗೆ 16 ನಿಲ್ದಾಣಗಳ, ಸುಮಾರು 19 ಕಿಲೊಮೀಟರಿನ ಈ ಹಾದಿ ತೆರೆದದ್ದು 2025ರ ಆಗಸ್ಟ್‌ನಲ್ಲಿ. ಅದಕ್ಕೆ ಮುಂಚೆ ಇದೇ ದಾರಿಯನ್ನು 356ರ ಸರಣಿಯ ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡು ಸಾಗಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಹೊತ್ತಿಗೆ ಬೆವರಿನಲ್ಲಿ ತೊಯ್ದಿರುತ್ತಿತ್ತು, ಸಂದರ್ಶನದ ಹೊತ್ತು ಮೀರಿರುತ್ತಿತ್ತು. ಈಗ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ರೈಲು. ಕಿಟಕಿಗೆ ಮುಖವಿಟ್ಟು ಕೂತ ಹುಡುಗಿ ಕೆಳಗೆ ಸಾಲುಗಟ್ಟಿ ನಿಂತ ಕ್ಯಾಬುಗಳನ್ನು ನೋಡುತ್ತ, ಕಲಿತ ಪಾಠವನ್ನು ತುಟಿಯಲ್ಲೇ ಒಪ್ಪಿಸುತ್ತಿದ್ದಳು. ತನ್ನ ಹೆಸರು, ಊರು, ಓದು, ಹವ್ಯಾಸ, ಬಲ, ದೌರ್ಬಲ್ಯ.

ಅವಳು ಇಳಿಯಬೇಕಿದ್ದ ಎಲೆಕ್ಟ್ರಾನಿಕ್ ಸಿಟಿಗೆ ಕಾಲ್ ಸೆಂಟರುಗಳು ಬಂದದ್ದು ತಡವಾಗಿ. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಈ ಕೈಗಾರಿಕಾ ಪ್ರದೇಶವನ್ನು 1978ರಲ್ಲಿ ಶುರುಮಾಡಿದಾಗ ಅದರ ಮುಖ್ಯಸ್ಥ ಆರ್.ಕೆ. ಬಾಳಿಗ ಅವರ ಕಣ್ಣಮುಂದೆ ಇದ್ದದ್ದು ಎಲೆಕ್ಟ್ರಾನಿಕ್ ಉಪಕರಣಗಳ ತಯಾರಿಕೆ. ಫೋನಿನಲ್ಲಿ ಮಾತಾಡುವುದೇ ಒಂದು ಉದ್ಯಮವಾದೀತೆಂದು ಆಗ ಯಾರೂ ಎಣಿಸಿರಲಿಲ್ಲ. ಜನರಲ್ ಎಲೆಕ್ಟ್ರಿಕ್ 1997ರಲ್ಲಿ ಗುರುಗ್ರಾಮದ ಕಡೆ ದಾರಿ ತೋರಿಸಿತು. 2000ದಲ್ಲಿ ಹುಟ್ಟಿದ 24/7 ಕಸ್ಟಮರ್ ಕಂಪನಿ ಬೆಂಗಳೂರಿನಲ್ಲಿ ಕೆಲಸ ಶುರುಮಾಡಿತು, ಇನ್ಫೊಸಿಸ್ ತನ್ನ ಪ್ರೋಜಿಯಾನ್ ಘಟಕವನ್ನು 2002ರಲ್ಲಿ ತೆರೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಕರೆಗಳ ಮೇಲಿನ ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯ ಕೊನೆಗೊಂಡು ಕರೆಯ ದರ ಇಳಿಯತೊಡಗಿತು. ಇನ್ನುಳಿದದ್ದನ್ನು ಸೂರ್ಯನೇ ನೋಡಿಕೊಂಡ. ನ್ಯೂಯಾರ್ಕಿನ ಕಚೇರಿ ಬೆಳಿಗ್ಗೆ 9ಕ್ಕೆ ಬಾಗಿಲು ತೆರೆದಾಗ ಇಲ್ಲಿ ಚಳಿಗಾಲವಾದರೆ ಸಂಜೆ 7:30, ಬೇಸಿಗೆಯಾದರೆ 6:30. ಅವರ ಹಗಲು ನಮ್ಮ ಹುಡುಗರ ರಾತ್ರಿ ಪಾಳಿಯಾಯಿತು.

ಗೇಟಿನಲ್ಲಿ ಸೆಕ್ಯೂರಿಟಿಯವರು ಹೆಸರು, ಹೊತ್ತು, ಮೊಬೈಲ್ ನಂಬರು ಬರೆಸಿಕೊಂಡು ಫೋನಿನ ಕ್ಯಾಮೆರಾದ ಮೇಲೆ ಒಂದು ಸ್ಟಿಕರ್ ಅಂಟಿಸಿದರು. "ಇಂಟರ್‌ವ್ಯೂಗಾ ಅಮ್ಮಾ? ಲೆಫ್ಟಿಗೆ ಹೋಗಿ ಕೂತ್ಕೊಳಿ." ಎಡಗಡೆಯ ಹಾಲಿನಲ್ಲಿ ಆಗಲೇ ಕುರ್ಚಿಗಳು ತುಂಬಿದ್ದವು. ಮಣಿಪುರ, ಅಸ್ಸಾಂ ಕಡೆಯ ಹುಡುಗಿಯರು, ಹಿಂದಿಯಲ್ಲಿ ಮಾತಾಡುತ್ತಿದ್ದ ಹುಡುಗರು, ಇನ್ನೊಂದು ಕಂಪನಿಯ ನೈಟ್ ಶಿಫ್ಟ್ ಮುಗಿಸಿ ನೇರ ಇಲ್ಲಿಗೇ ಬಂದು ಗೋಡೆಗೆ ಒರಗಿ ನಿದ್ದೆ ಹೋಗಿದ್ದ ಒಬ್ಬಾತ. ಈ ಉದ್ಯಮದಲ್ಲಿ ಜನ ನಿಲ್ಲುವುದಿಲ್ಲ, ಆದ್ದರಿಂದಲೇ ವಾಕ್-ಇನ್ ಎಂಬ ಈ ಸಂತೆ ವರ್ಷವಿಡೀ ನಡೆಯುತ್ತಿರುತ್ತದೆ.

ಮೊದಲ ಸುತ್ತು ಎಚ್‌ಆರ್. ಬಾಯಿಪಾಠ ಮಾಡಿದ ಸ್ವಪರಿಚಯ ಅರ್ಧಕ್ಕೇ ನಿಂತಿತು. ನೈಟ್ ಶಿಫ್ಟ್ ಆಗುತ್ತದೆಯೇ? ವಾರದ ರಜೆ ಭಾನುವಾರವೇ ಸಿಗುವುದಿಲ್ಲ, ಪರವಾಗಿಲ್ಲವೇ? ಮುಂದೆ ಓದುವ ಯೋಚನೆ ಇದೆಯೇ? ಮನೆಯಲ್ಲಿ ಒಪ್ಪಿದ್ದಾರೆಯೇ? ಮದುವೆ ಗೊತ್ತಾಗಿದೆಯೇ? ಕೊನೆಯ ಎರಡು ಪ್ರಶ್ನೆಗಳು ಪಕ್ಕದ ಮೇಜಿನಲ್ಲಿ ಕೂತಿದ್ದ ಹುಡುಗನ ಪಾಲಿಗೆ ಬರಲಿಲ್ಲ. ಕೆಲಸ ಬಿಟ್ಟುಹೋಗುವವರಲ್ಲಿ ಗಂಡಸರೂ ಬೇಕಾದಷ್ಟಿದ್ದಾರೆ. ಹೆಣ್ಣುಮಕ್ಕಳಿಂದ ಮಾತ್ರ ಈ ಜಾಮೀನು ಕೇಳುವುದು ಅನ್ಯಾಯ, ಅದನ್ನು ಮುಗುಳ್ನಗುತ್ತ ಕೇಳಿದರೂ ಅನ್ಯಾಯವೇ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಮಹಿಳೆಯರ ರಾತ್ರಿ ಕೆಲಸವನ್ನು ನಿಷೇಧಿಸಿತ್ತು. ಈ ಉದ್ಯಮಕ್ಕಾಗಿಯೇ 2002ರಲ್ಲಿ ತಿದ್ದುಪಡಿಯಾಗಿ, ಸಾರಿಗೆ, ಭದ್ರತೆಯ ಷರತ್ತುಗಳೊಂದಿಗೆ ವಿನಾಯಿತಿ ಸಿಕ್ಕಿತು. ಅಂದರೆ ರಾತ್ರಿ ಪಾಳಿಯಲ್ಲಿ ಹೆಣ್ಣುಮಗಳು ಕೂರುವಂತಾಗಲು ಕಾಯ್ದೆ ವಿಧಿಸಿದ ಜವಾಬ್ದಾರಿ ಕಂಪನಿಯದು. ಸಂದರ್ಶನದ ಮೇಜಿನಲ್ಲಿ ಅದು ತಿರುವುಮುರುವಾಗಿ ಅವಳ ಮನೆಯವರ ಒಪ್ಪಿಗೆಯ ಪ್ರಶ್ನೆಯಾಗಿಬಿಡುತ್ತದೆ.

ಅರ್ಜಿಯಲ್ಲಿ ಅನುಭವ ಎಂಬ ಅಂಕಣವಿತ್ತು. ಅವಳು 'ಇಲ್ಲ' ಎಂದು ಬರೆದಿದ್ದಳು.

ಎರಡನೆಯ ಸುತ್ತಿನಲ್ಲಿ ಎದುರಿಗೆ ಮನುಷ್ಯರೇ ಇರಲಿಲ್ಲ. ಸಣ್ಣ ಕೋಣೆ, ಒಂದು ಕಂಪ್ಯೂಟರು, ಕಿವಿಗೆ ಹೆಡ್‌ಸೆಟ್. ವರ್ಸೆಂಟ್, ಸ್ವಾರ್ ಮುಂತಾದ ಹೆಸರಿನ ಈ ಪರೀಕ್ಷೆಗಳನ್ನು ನಡೆಸುವುದೂ ಅಂಕ ಕೊಡುವುದೂ ಯಂತ್ರವೇ. ತೆರೆಯ ಮೇಲಿನ ವಾಕ್ಯ ಓದಬೇಕು, ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು, ಚೂರು ಮಾಡಿ ಕೊಟ್ಟ ವಾಕ್ಯವನ್ನು ಜೋಡಿಸಬೇಕು, ಪುಟ್ಟ ಕತೆಯೊಂದನ್ನು ಕೇಳಿ ಸ್ವಂತ ಮಾತಿನಲ್ಲಿ ನಿರೂಪಿಸಬೇಕು. ಕಾಲು ಗಂಟೆಯ ಆಜುಬಾಜಿನಲ್ಲಿ ಎಲ್ಲ ಮುಗಿಯುತ್ತದೆ. ಉಚ್ಚಾರ, ನಿರರ್ಗಳತೆ, ವಾಕ್ಯರಚನೆ, ಶಬ್ದಸಂಪತ್ತು ಎಂದು ಬೇರೆ ಬೇರೆ ಅಂಕ ಬರುತ್ತದೆ. ಕಂಪನಿ ಹಾಕಿಟ್ಟ ಗೆರೆಯ ಕೆಳಗೆ ಬಿದ್ದರೆ ಅಲ್ಲಿಗೆ ದಾರಿ ಮುಗಿಯಿತು.

ಇಲ್ಲಿ ಕನ್ನಡದ ಹುಡುಗರು ಎಡವುವ ಕಡೆಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಈ ಲೋಕದಲ್ಲಿ ಅದಕ್ಕೆ ಎಂಟಿಐ ಎನ್ನುತ್ತಾರೆ, ಮಾತೃಭಾಷೆಯ ಪ್ರಭಾವ. 'ಎ'ಯಿಂದ ಶುರುವಾಗುವ ಇಂಗ್ಲಿಷ್ ಮಾತಿಗೆ ನಮ್ಮ ನಾಲಗೆ ತಾನಾಗಿಯೇ ಒಂದು 'ಯ'ಕಾರ ಸೇರಿಸುತ್ತದೆ, 'ಒ'ಗೆ 'ವ'ಕಾರ ಸೇರಿಸುತ್ತದೆ. ವ್ಯಂಜನದಲ್ಲಿ ನಿಲ್ಲಬೇಕಾದ ಮಾತಿನ ಕೊನೆಗೆ ಒಂದು ಸ್ವರ ಬಂದು ಕೂರುತ್ತದೆ, ಬಸ್ಸು, ಲೈಟು, ಫೋನು. ಇದು ಅಜ್ಞಾನವಲ್ಲ. ಮಾತನ್ನು ಸ್ವರದಲ್ಲಿ ಮುಗಿಸುವುದು ಹೊಸಗನ್ನಡದ ಜಾಯಮಾನ. ಒಳಗೆ ಹಾಕುವ ಬನಿಯನ್ನಿಗೂ ಪಶ್ಚಿಮ ದಿಕ್ಕಿಗೂ ಇಂಗ್ಲಿಷಿನಲ್ಲಿ ಇರುವ ಹೆಸರುಗಳನ್ನು ಕನ್ನಡದಲ್ಲಿ ಬರೆದರೆ ಎರಡೂ 'ವೆಸ್ಟ್'. ಅಮೆರಿಕದವರ ಕಿವಿಗೆ ಅವು ಬೇರೆ ಬೇರೆ, ಮೊದಲನೆಯದಕ್ಕೆ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿಗಳು ದುಂಡಗಾಗಬೇಕು. ಇನ್ನೊಂದು ತೊಡಕು ಇನ್ನೂ ಆಳದ್ದು. ನಮ್ಮಲ್ಲಿ ಬಳೆ ಬೇರೆ, ಬಾಳೆ ಬೇರೆ, ಸ್ವರವನ್ನು ಎಳೆದರೆ ಅರ್ಥ ಬದಲಾಗುತ್ತದೆ. ಅಲ್ಲಿ ಕೆಲಸ ಮಾಡುವುದು ಒತ್ತು. ಫೋಟೊಗ್ರಾಫ್ ಎನ್ನುವಾಗ ಮೊದಲ ಉಚ್ಚಾರಾಂಶಕ್ಕೆ ಬೀಳುವ ಒತ್ತು ಫೋಟೊಗ್ರಾಫರ್ ಎನ್ನುವಾಗ ಎರಡನೆಯದಕ್ಕೆ ಜಾರುತ್ತದೆ. ಎಲ್ಲ ಅಕ್ಷರಗಳನ್ನೂ ಸಮನಾಗಿ, ನಿಚ್ಚಳವಾಗಿ ಹೇಳುವ ಕನ್ನಡ ಶಾಲೆಯ ಹುಡುಗಿ ಪ್ರಾಮಾಣಿಕವಾಗಿ ಓದಿದಷ್ಟೂ ಯಂತ್ರಕ್ಕೆ ತಪ್ಪಾಗಿ ಕೇಳಿಸುತ್ತದೆ.

ಮನೆಯಲ್ಲೇ ಇಂಗ್ಲಿಷ್ ಆಡುವ, ಕಾನ್ವೆಂಟಿನಲ್ಲಿ ಓದಿದ ಹುಡುಗರು ಇದನ್ನೆಲ್ಲ ಕಲಿಯದೆಯೇ ಕಲಿತಿರುತ್ತಾರೆ. ಉಳಿದವರಿಗೆ ಕಲಿಸಲು ಸಾಧ್ಯವಿಲ್ಲವೇ? ಖಂಡಿತ ಸಾಧ್ಯ. ಆಯ್ಕೆಯಾದವರಿಗೆ ಕಂಪನಿಗಳೇ ಕೆಲವು ವಾರ ವಾಯ್ಸ್ ಆಂಡ್ ಆಕ್ಸೆಂಟ್ ತರಬೇತಿ ಕೊಡುತ್ತವೆ, ಕನ್ನಡಿ ಮುಂದೆ ನಿಲ್ಲಿಸಿ ತುಟಿ ಹೇಗೆ ತಿರುಗಬೇಕೆಂದು ತೋರಿಸುತ್ತವೆ. ಒಳಗೆ ಹೋದಮೇಲೆ ಕಲಿಸಬಲ್ಲದ್ದನ್ನೇ ಬಾಗಿಲಲ್ಲಿ ಜರಡಿಯಾಗಿ ಹಿಡಿದರೆ, ಆ ಜರಡಿ ಸೋಸುವುದು ಯಾರು ಯಾವ ಶಾಲೆಯಲ್ಲಿ ಓದಿದರು ಎಂಬುದನ್ನೇ ಹೊರತು ಯಾರಿಗೆ ಗ್ರಾಹಕರ ಕಷ್ಟ ಅರ್ಥವಾಗುತ್ತದೆ ಎಂಬುದನ್ನಲ್ಲ. ಕೇಳಿಸಿಕೊಂಡದ್ದು ತಿಳಿಯುತ್ತದೆಯೇ, ತಿಳಿದದ್ದಕ್ಕೆ ಸರಿಯಾದ ಉತ್ತರ ಬರುತ್ತದೆಯೇ ಎಂದು ಮೊದಲು ನೋಡಿ, ಉಚ್ಚಾರವನ್ನು ತರಬೇತಿಗೆ ಬಿಟ್ಟರೆ ಈ ಹಾಲಿನಲ್ಲಿ ಕೂತ ಎಷ್ಟೋ ಮಕ್ಕಳು ದಾಟುತ್ತಾರೆ.

ಅವಳು ದಾಟಲಿಲ್ಲ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಎಚ್‌ಆರ್ ಕಾಲ್ ಮಾಡ್ತಾರೆ, ಈಗ ಹೋಗಬಹುದು" ಎಂದರು. ಎಷ್ಟು ಅಂಕ ಬಂತು, ಎಲ್ಲಿ ಕಡಿಮೆಯಾಯಿತು ಎಂಬ ಚೀಟಿಯೂ ಇಲ್ಲ. ಇಷ್ಟು ದೂರ ಬಂದವರಿಗೆ ಆ ಒಂದು ಹಾಳೆಯನ್ನಾದರೂ ಕೈಗೆ ಕೊಡಬೇಕು. ಯಂತ್ರ ಅದನ್ನು ಹೇಗೂ ಸಿದ್ಧಮಾಡಿರುತ್ತದೆ.

ಗೇಟಿನಾಚೆ ಟೀ ಅಂಗಡಿಯ ಮುಂದೆ ಹೀಗೆ ಹೊರಬಿದ್ದವರ ಗುಂಪು. ಒಬ್ಬನ ಫೋನಿಗೆ ಬಂದ ಸಂದೇಶವನ್ನು ಎಲ್ಲರೂ ಓದುತ್ತಿದ್ದರು. ಥಾಯ್ಲೆಂಡಿನಲ್ಲಿ ಕಸ್ಟಮರ್ ಸಪೋರ್ಟ್ ಕೆಲಸ, ಇಂಗ್ಲಿಷ್ ಸಾಧಾರಣವಾಗಿದ್ದರೆ ಸಾಕು, ವಿಮಾನದ ಟಿಕೆಟ್ ಅವರದೇ, ಸಂದರ್ಶನ ವಾಟ್ಸ್‌ಆ್ಯಪ್‌ನಲ್ಲೇ. ಈ ಹಾದಿ ಎಲ್ಲಿಗೆ ಮುಟ್ಟುತ್ತದೆ ಎಂಬುದು ಈಗ ಗುಟ್ಟಲ್ಲ. ಬ್ಯಾಂಕಾಕಿನಲ್ಲಿ ಇಳಿಸಿ, ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡ್ಡಿ ಸುತ್ತಮುತ್ತಲ ಬೇಲಿಯೊಳಗೆ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ವಂಚನೆಗೆ ಹಚ್ಚುವ ಜಾಲಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಗಡಿಪಟ್ಟಣ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳು ಹೀಗೆ ಸಿಲುಕಿದ್ದ 549 ಭಾರತೀಯರನ್ನು ಎರಡು ಕಂತಿನಲ್ಲಿ ಕರೆತಂದವು. ಹತ್ತಾರು ಸುತ್ತು ನಡೆಸಿ ದಣಿಸುವ ಕಂಪನಿಗಿಂತ, ಯಾವ ಸುತ್ತೂ ಇಲ್ಲದೆ ವೀಸಾ ಕಳಿಸುವವರಿಗೆ ಹೆದರಬೇಕು. ಊರಿನಲ್ಲೇ ಕೂತು ಕೆಲಸ ಕೊಡಿಸುವ ಹೆಸರಿನಲ್ಲಿ ನೋಂದಣಿ ಶುಲ್ಕ, ತರಬೇತಿ ಶುಲ್ಕ ಎಂದು ಕೀಳುವವರಿಗೂ ಇದೇ ಮಾತು ಸಲ್ಲುತ್ತದೆ. ಸಂಬಳ ಕೊಡುವ ಕಂಪನಿ ಸಂದರ್ಶನಕ್ಕೆ ದುಡ್ಡು ಕೇಳುವುದಿಲ್ಲ. ಆ ಹುಡುಗ ಸಂದೇಶವನ್ನು ಅಳಿಸಿದ್ದನ್ನು ಎಲ್ಲರೂ ನೋಡಿದರು.

ಮಧ್ಯಾಹ್ನ ಅಕ್ಕನ ಫೋನು ಬಂತು. "ಬೇಜಾರ್ ಮಾಡ್ಕೋಬೇಡ ಕಣೇ. ಬೊಮ್ಮನಹಳ್ಳೀಲಿ ಒಂದು ಕಡೆ ಕನ್ನಡ ಪ್ರೋಸೆಸ್‌ಗೆ ತಗೊಳ್ತಿದಾರಂತೆ. ಸಂಬಳ ಇಂಟರ್‌ನ್ಯಾಷನಲ್‌ಗಿಂತ ಕಡಿಮೆ. ಆದ್ರೂ ಒಂದು ಸಲ ಹೋಗ್ ಬಾ."

ಕನ್ನಡ ಪ್ರೋಸೆಸ್ ಎಂಬುದು ಈ ಉದ್ಯಮದ ಇನ್ನೊಂದು ಅರ್ಧ, ಅದರ ಬಗ್ಗೆ ಬರೆದವರು ಕಡಿಮೆ. ಬ್ಯಾಂಕು, ಮೊಬೈಲ್ ಕಂಪನಿ, ಆನ್‌ಲೈನ್ ಅಂಗಡಿ, ಗ್ಯಾಸ್ ಏಜೆನ್ಸಿ, ವಿಮೆ, ಎಲ್ಲಕ್ಕೂ ಕನ್ನಡದಲ್ಲಿ ಉತ್ತರ ಕೊಡುವವರು ಬೇಕು. ಸರ್ಕಾರದ ಸೇವೆಗಳೂ ಇದೇ ದಾರಿಗೆ ಬಂದಿವೆ. 2004ರ ಜನವರಿ 21ರಂದು ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ ರೈತರು ತಮ್ಮ ಭಾಷೆಯಲ್ಲೇ ಕರೆಮಾಡಬಹುದು, ಕರೆ ಎತ್ತುವವರು ಕೃಷಿ ಅಥವಾ ಸಂಬಂಧಿತ ವಿಷಯದ ಪದವೀಧರರಾಗಿರಬೇಕು. ಭತ್ತದ ಗರಿ ಯಾಕೆ ಒಣಗುತ್ತಿದೆ ಎಂದು ಕೇಳುವವರಿಗೆ ಬೇಕಾದದ್ದು ಗರಿಯ ಬಗ್ಗೆ ತಿಳಿದವರು. 2008ರ ರಾಜ್ಯೋತ್ಸವದ ದಿನ ಕರ್ನಾಟಕದಲ್ಲಿ ಶುರುವಾದ 108ರ ಆಂಬುಲೆನ್ಸ್ ಸೇವೆಯಲ್ಲಂತೂ ಕರೆ ಎತ್ತಿದವರಿಗೆ ಗಾಬರಿಯಾದ ಮನುಷ್ಯನ ಬಾಯಿಂದ ಊರಿನ ಗುರುತು ಹೊರಡಿಸುವ ಜಾಣ್ಮೆ ಬೇಕು. ಅದು ಕೂಡ ದನಿಯ ಪರೀಕ್ಷೆಯೇ, ಆದರೆ ಅಲ್ಲಿ ಮುಖ್ಯವಾಗುವುದು ಕಿವಿ.

ಬೊಮ್ಮನಹಳ್ಳಿಯ ಕಚೇರಿ ಹೋಟೆಲೊಂದರ ಮೇಲಿನ ಮಹಡಿ. ಒಂದು ಟೈಪಿಂಗ್ ಟೆಸ್ಟ್, ನಾಲ್ಕು ಸಾಲಿನ ಇಮೇಲ್ ಬರೆಸುವುದು, ಆಮೇಲೆ ನೇರ ಆಪರೇಷನ್ಸ್ ಮ್ಯಾನೇಜರ್ ಎದುರು ಮಾಕ್ ಕಾಲ್, ಅಂದರೆ ಗ್ರಾಹಕರ ಕರೆಯ ಅಣಕು. ಅವರು ಕುರ್ಚಿಯನ್ನು ಅತ್ತ ತಿರುಗಿಸಿಕೊಂಡರು. ಗ್ರಾಹಕರ ಮುಖ ಫೋನಿನಲ್ಲಿ ಕಾಣುವುದಿಲ್ಲವಲ್ಲ. ಕಲಬುರಗಿ ಕಡೆಯ ದನಿಯಲ್ಲಿ ಒಮ್ಮೆಲೇ ಹರಿಹಾಯ್ದರು.

"ಏನ್ರೀ, ನಾ ಆರ್ಡರ್ ಮಾಡಿ ಎಂಟ್ ದಿನಾ ಆತು. ನಿಮ್ ಆ್ಯಪ್‌ನಾಗ ಡೆಲಿವರಿ ಆಗ್ಯದ ಅಂತ ತೋರಸ್ಲಕತ್ತದ. ಯಾರಿಗಿ ಕೊಟ್ಟೀರಿ?"

"ತೊಂದರೆ ಆಗಿದ್ದಕ್ಕೆ ಕ್ಷಮಿಸಿ ಸರ್. ಆರ್ಡರ್ ನಂಬರ್ ಹೇಳ್ತೀರಾ? ಹ್ಞಾಂ, ಬರ್ಕೊಂಡೆ. ಮನೇಲಿ ಬೇರೆ ಯಾರಾದ್ರೂ, ಇಲ್ಲಾ ಪಕ್ಕದ ಅಂಗಡಿಯವರು ತಗೊಂಡಿರಬಹುದಾ ಸರ್?"

"ಅಂದ್ರ ನಾ ಸುಳ್ಳ ಹೇಳ್ಲಕತ್ತೀನೇನು?"

"ಅಯ್ಯೋ, ಹಾಗಲ್ಲ ಸರ್. ನಿಮ್ಮ ಮಾತು ನಂಬಿಯೇ ದೂರು ಬರ್ಕೊಳ್ತಾ ಇದೀನಿ. ಡೆಲಿವರಿ ಹುಡುಗ ಎಲ್ಲಿ ಕೊಟ್ಟ ಅಂತ ದಾಖಲೆ ನೋಡ್ಬೇಕು, ಎರಡು ನಿಮಿಷ ಲೈನಲ್ಲೇ ಇರ್ತೀರಾ? ನೋಡ್ತಾ ನೋಡ್ತಾ ಹೇಳ್ತಿರ್ತೀನಿ."

ಅವರು ಕುರ್ಚಿ ತಿರುಗಿಸಿದರು. ಕರೆಯ ನಡುವೆ ಮೌನ ಬಿದ್ದರೆ ಈ ಕೆಲಸದಲ್ಲಿ ಅದನ್ನು ಡೆಡ್ ಏರ್ ಎನ್ನುತ್ತಾರೆ, ಹೊಸಬರು ಹೆಚ್ಚಾಗಿ ಸೋಲುವುದು ಅಲ್ಲಿ. ಇವಳು ಹುಡುಕುತ್ತಿರುವಾಗಲೂ ಮಾತು ಬಿಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ತಡಕಾಡುತ್ತಿದ್ದವಳು ಬೆಳಿಗ್ಗೆ ಯಂತ್ರದ ಮುಂದೆ ಕೂತಿದ್ದ ಇದೇ ಹುಡುಗಿ.

"ಮುಂಚೆ ಎಲ್ಲಾದ್ರೂ ಕೆಲಸ ಮಾಡಿದ್ರಾ?"

"ಇಲ್ಲ ಸರ್. ಊರಲ್ಲಿ ಡೇರೀಲಿ ಲೆಕ್ಕ ಬರೀತಿದ್ದೆ."

ಹಾಲಿನ ಡೇರಿ ಎಂದರೆ ಏನೆಂದು ಬಲ್ಲವರಿಗೆ ಆ ಉತ್ತರವೇ ಸಾಕು. ಬೆಳಗಿನ ಚಳಿಯಲ್ಲಿ ಕ್ಯಾನು ಹಿಡಿದು ಬರುವವರ ಹಾಲಿನ ದರ ಕೊಬ್ಬಿನಂಶದ ಮೇಲೆ ನಿಂತಿರುತ್ತದೆ. ಫ್ಯಾಟ್ ಒಂದು ಗೆರೆ ಕಡಿಮೆ ತೋರಿಸಿದರೆ ಯಂತ್ರ ಕೆಟ್ಟಿದೆ, ನೀನೇ ಕಡಿಮೆ ಬರೆದೆ ಎಂದು ಜಗಳಕ್ಕೆ ನಿಲ್ಲುತ್ತಾರೆ. ಅವರೆಲ್ಲ ಚಿಕ್ಕಪ್ಪ, ಅತ್ತೆ ಎಂದು ಕರೆಯುವ ಊರಿನ ಜನ, ಮರುದಿನವೂ ಬರುವವರು. ಅವರ ಸಿಟ್ಟು ಕೇಳಿಸಿಕೊಂಡು, ಹಾಲನ್ನು ಅವರೆದುರೇ ಮತ್ತೊಮ್ಮೆ ಪರೀಕ್ಷಿಸಿ, ಚೀಟಿ ತೋರಿಸಿ ಕಳಿಸುವುದು ಆ ಮೇಜಿನ ನಿತ್ಯದ ಕೆಲಸ. ಕಾಲ್ ಸೆಂಟರಿನವರು ವಾರಗಟ್ಟಲೆ ಸ್ಲೈಡ್ ಹಾಕಿ ಕಲಿಸುವುದು ಇದನ್ನೇ. ಬೆಳಗಿನ ಅರ್ಜಿಯ ಅನುಭವದ ಅಂಕಣದಲ್ಲಿ ಇದಕ್ಕೆ ಜಾಗವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಾಗೆ ನೋಡಿದರೆ ಹಳ್ಳಿಗಳಿಂದ ಬರುವ ನೂರಾರು ಮಕ್ಕಳ ಕಿರಾಣಿ ಅಂಗಡಿ, ನ್ಯಾಯಬೆಲೆ ಅಂಗಡಿ, ಸಹಕಾರ ಸಂಘದ ಅನುಭವಗಳು ಹೀಗೆಯೇ 'ಫ್ರೆಶರ್' ಎಂಬ ಒಂದು ಮಾತಿನ ಕೆಳಗೆ ಮುಚ್ಚಿಹೋಗುತ್ತಿವೆ. ರೆಸ್ಯೂಮೆ ಬರೆಯಲು ಕಲಿಸುವ ಕಾಲೇಜುಗಳು ಇದನ್ನಾದರೂ ಹೇಳಿಕೊಡಬೇಕು.

ಇಂಥ ಕೆಲಸ ಊರಿನ ಹತ್ತಿರವೇ ಸಿಗುವಂತೆ ಮಾಡುವ ಯತ್ನಗಳೂ ನಡೆದಿವೆ. ರೂರಲ್‌ಶೋರ್ಸ್ ಎಂಬ ಕಂಪನಿ ತನ್ನ ಮೊದಲ ಗ್ರಾಮೀಣ ಬಿಪಿಒ ಕೇಂದ್ರ ತೆರೆದದ್ದು ಬಾಗೇಪಲ್ಲಿಯಲ್ಲಿ. ಸಾಗರಕ್ಕೆ ಅಂಥದೊಂದು ಬಂದಿದ್ದರೆ ಇವಳು ರಾತ್ರಿ ರೈಲು ಹತ್ತಬೇಕಿರಲಿಲ್ಲ.

ಸಂಜೆ ಎಚ್‌ಆರ್ ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿ ಸಂಬಳದ ವಿವರ ತೋರಿಸಿದಳು. ಮೇಲೆ ದಪ್ಪ ಅಕ್ಷರದಲ್ಲಿ ಸಿಟಿಸಿ, ಅಂದರೆ ಕಂಪನಿಗೆ ಬೀಳುವ ಒಟ್ಟು ವೆಚ್ಚ. ಕೈಗೆ ಬರುವುದು ಅದಲ್ಲ. ಭವಿಷ್ಯನಿಧಿಗೆ ಮೂಲವೇತನದ ಶೇ 12, ತಿಂಗಳ ವೇತನ 21,000 ರೂಪಾಯಿಯೊಳಗೆ ಇದ್ದರೆ ಇಎಸ್‌ಐಗೆ ಶೇ 0.75 ಕಡಿತವಾಗುತ್ತದೆ. ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ಬಿ.ಕಾಂ. ಓದಿದವಳು ಬೆರಳು ಮಡಚಿ ಲೆಕ್ಕ ಹಾಕಿ, ಕೈಗೆ ಬರುವ ಮೊತ್ತವನ್ನು ಎಚ್‌ಆರ್‌ಗಿಂತ ಮೊದಲೇ ಹೇಳಿದಳು. ಮೂಲ ಅಂಕಪಟ್ಟಿಗಳನ್ನು ಕಂಪನಿಯಲ್ಲಿ ಇಡಬೇಕೇ ಎಂದು ಕೇಳಿದಳು. ಬೇಡ, ನೋಡಿ ವಾಪಸ್ ಕೊಡ್ತೀವಿ ಎಂಬ ಉತ್ತರ ಬಂತು. ಅಕ್ಕ ಹೇಳಿಕೊಟ್ಟ ಪ್ರಶ್ನೆ ಅದು. ಅಂಕಪಟ್ಟಿ ಒತ್ತೆಯಿಟ್ಟುಕೊಂಡು ಬಾಂಡ್ ಬರೆಸಿಕೊಳ್ಳುವ ಕಡೆ ಸೇರಿ, ಬಿಡಲಾಗದೆ ಒದ್ದಾಡಿದವರು ಪಿ.ಜಿ.ಯಲ್ಲೇ ಇದ್ದರು.

"ಇನ್ನೇನಾದ್ರೂ ಕೇಳೋದಿದ್ಯಾ?"

ಇತ್ತು. ಪಾಳಿ ಮುಗಿಯುವುದು ರಾತ್ರಿ ಹತ್ತಕ್ಕಾದರೆ ಕ್ಯಾಬ್ ಪಿ.ಜಿ.ಯ ಬಾಗಿಲವರೆಗೆ ಬರುತ್ತದೆಯೇ, ಮೇನ್ ರೋಡಿನವರೆಗೆ ಮಾತ್ರವೇ? ಕೊನೆಯ ಡ್ರಾಪ್ ತನ್ನದಾದರೆ ಜೊತೆಗೆ ಗಾರ್ಡ್ ಇರುತ್ತಾರೆಯೇ? ಈ ಪ್ರಶ್ನೆಯ ಹಿಂದೆ ಬೆಂಗಳೂರು ಮರೆಯಬಾರದ ಒಂದು ರಾತ್ರಿಯಿದೆ. 2005ರ ಡಿಸೆಂಬರ್‌ನಲ್ಲಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕರೆದೊಯ್ಯಲು ಬಂದ ಕ್ಯಾಬಿನ ಚಾಲಕನೇ ಕೊಂದ. ಚಾಲಕರ ಹಿನ್ನೆಲೆ ತಪಾಸಣೆ, ಹೆಣ್ಣುಮಕ್ಕಳನ್ನು ಮೊದಲು ಹತ್ತಿಸಿಕೊಳ್ಳದೆ ಕೊನೆಗೆ ಇಳಿಸದೆ ಇರುವುದು, ತಪ್ಪದಿದ್ದರೆ ಗಾರ್ಡ್ ಕಳಿಸುವುದು, ಇವೆಲ್ಲ ಬಿಗಿಯಾದದ್ದು ಆ ಸಾವಿನ ನಂತರ. ಆಗ ಈ ಹುಡುಗಿ ಕೈಗೂಸು.

ಎಚ್‌ಆರ್, "ಟ್ರಾನ್ಸ್‌ಪೋರ್ಟ್ ಟೀಮ್ ನೋಡ್ಕೊಳುತ್ತೆ" ಎಂದಳು.

"ಆಫರ್ ಲೆಟರ್‌ನಲ್ಲಿ ಅದೂ ಇರುತ್ತಾ ಮೇಡಂ?"

ಎಚ್‌ಆರ್ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದಳು. ಇರಲಿಲ್ಲ. ಒಂದು ಗಳಿಗೆ ಯೋಚಿಸಿ, ಟ್ರಾನ್ಸ್‌ಪೋರ್ಟ್ ವಿಭಾಗದವರಿಗೆ ಮೇಲ್ ಬರೆದಳು. ಡ್ರಾಪ್ ಮನೆಬಾಗಿಲವರೆಗೆ, ಕೊನೆಯ ಡ್ರಾಪ್ ಆದರೆ ಗಾರ್ಡ್, ಇದನ್ನು ದೃಢಪಡಿಸಿ ಎಂದು. ಪ್ರತಿಯನ್ನು ಅವಳ ವಿಳಾಸಕ್ಕೂ ಹಾಕಿದಳು. ಉತ್ತರ ಬಂದಮೇಲೆ ಸಹಿ ಮಾಡುತ್ತೇನೆಂದು ಹೇಳಿ ಹುಡುಗಿ ಫೈಲು ಮಡಚಿಕೊಂಡಳು.